ಯಾರಿಗೆ ಸುರಕ್ಷಿತ, ಎಷ್ಟು ಸುರಕ್ಷಿತ?

2012ರ ನವೆಂಬರಿನಲ್ಲಿ ಕೋಲಾರದ ಚಿನ್ನದ ಗಣಿಗಳ ಊರಾದ ಕೆಜಿಎಫ್‌ನ ಜನ ಬೀದಿಗಿಳಿದರು. ಕೂಡಂಕುಳಂ ಅಣುವಿದ್ಯುತ್ ಸ್ಥಾವರದ ಮೊಕದ್ದಮೆ ಸುಪ್ರೀಂ ಕೋರ್ಟಿನಲ್ಲಿ ನಡೆಯುತ್ತಿದ್ದಾಗ, ಅಲ್ಲಿನ ತ್ಯಾಜ್ಯವನ್ನು ಕೊನೆಗೆ ಎಲ್ಲಿ ಇಡುತ್ತೀರಿ ಎಂಬ ಪ್ರಶ್ನೆಗೆ ಉತ್ತರವಾಗಿ ಕೋಲಾರದ ಮುಚ್ಚಿದ ಚಿನ್ನದ ಗಣಿಗಳ ಹೆಸರು ಬಂದಿತ್ತು. ಪ್ರತಿಭಟನೆ ಜೋರಾಗುತ್ತಿದ್ದಂತೆ, ಅಂಥ ಯೋಜನೆಯೇ ಇಲ್ಲ ಎಂಬ ಸ್ಪಷ್ಟನೆ ಹೊರಬಿತ್ತು. ಜನರ ಅನುಮಾನಕ್ಕೆ ಆಧಾರವಿರಲಿಲ್ಲ ಎನ್ನುವಂತಿಲ್ಲ. 1980ರ ದಶಕದಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರ ಅದೇ ಗಣಿಯ ಸುಮಾರು ಸಾವಿರ ಮೀಟರ್ ಆಳದಲ್ಲಿ ಹೀಟರುಗಳನ್ನಿಟ್ಟು, ಬಿಸಿಗೆ ಬಂಡೆ ಹೇಗೆ ಹಿಗ್ಗುತ್ತದೆ, ಎಲ್ಲಿ ಬಿರುಕು ಬಿಡುತ್ತದೆ ಎಂದು ವರ್ಷಗಟ್ಟಲೆ ಪರೀಕ್ಷಿಸಿತ್ತು. ಅಣುತ್ಯಾಜ್ಯವನ್ನು ನೆಲದಾಳದಲ್ಲಿ ಇಡಬಹುದೇ ಎಂದು ತಿಳಿಯಲು ನಡೆದ ಪರೀಕ್ಷೆ ಅದು. ಬಾರದ ಆ ತ್ಯಾಜ್ಯ ಇಡೀ ದೇಶಕ್ಕೆ ಸುದ್ದಿಯಾಯಿತು. ಅದೇ ಊರಿನ ಮಗ್ಗುಲಲ್ಲೇ, ನೂರಿಪ್ಪತ್ತು ವರ್ಷಗಳ ಗಣಿಗಾರಿಕೆ ಬಿಟ್ಟುಹೋದ ಸುಮಾರು 3.3 ಕೋಟಿ ಟನ್ ಪುಡಿಮಣ್ಣಿನ ಸೈನೈಡ್ ಗುಡ್ಡಗಳು ನಿಂತಿವೆ. ಗಾಳಿ ಬೀಸಿದಾಗಲೆಲ್ಲ ಅವುಗಳ ಧೂಳು ಮನೆಮನೆಗೂ ಬರುತ್ತದೆ. ಜನ ದಶಕಗಳಿಂದ ದೂರುತ್ತಲೇ ಇದ್ದಾರೆ. ಅದು ಮಾತ್ರ ದೇಶದ ಸುದ್ದಿಯಾಗಲಿಲ್ಲ.

ಕೆಟ್ಟ ನೆಲವೊಂದರ ಅಪಾಯ ಎಷ್ಟು, ಅದನ್ನು ಸರಿಪಡಿಸಲು ಎಷ್ಟು ಖರ್ಚು ಮಾಡಬೇಕು ಎಂಬ ಪ್ರಶ್ನೆಯನ್ನು ಜಗತ್ತು ಅತ್ಯಂತ ವಿವರವಾಗಿ ಲೆಕ್ಕ ಹಾಕಿರುವುದು ಹಳೆಯ ಅಣುಬಾಂಬ್ ಪರೀಕ್ಷಾ ನೆಲೆಗಳಲ್ಲಿ. ಅತ್ಯಂತ ಅನ್ಯಾಯವಾಗಿ ಲೆಕ್ಕ ಹಾಕಿರುವುದೂ ಅಲ್ಲೇ. ಪೆಸಿಫಿಕ್ ಸಾಗರದ ಮಾರ್ಷಲ್ ದ್ವೀಪಗಳಲ್ಲಿನ ಬಿಕಿನಿ ಮತ್ತು ಎನಿವೆಟಾಕ್, ಆಸ್ಟ್ರೇಲಿಯದ ಮರಳುಗಾಡಿನ ಮರಲಿಂಗ, ಕಝಾಕ್‌ಸ್ತಾನದ ಸೆಮಿಪಲಾಟಿನ್ಸ್ಕ್‌ಗಳ ಅನುಭವವನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಮಾತು ಖಚಿತವಾಗುತ್ತದೆ. ಅಪಾಯ ಇರುವುದು ನೆಲದಲ್ಲಷ್ಟೇ ಅಲ್ಲ. ಆ ನೆಲದಿಂದ ಮನುಷ್ಯನ ದೇಹದವರೆಗೆ ವಿಷ ಸಾಗಿಬರುವ ದಾರಿಯಲ್ಲಿ. ಆ ದಾರಿ ಯಾವುದು ಎಂಬುದನ್ನು ನಿರ್ಧರಿಸುವುದು ಅಲ್ಲಿ ಬದುಕುವವರ ಊಟ, ನಿದ್ದೆ, ದುಡಿಮೆ. ಹಾಗಾಗಿ ಹಣ ಸುರಿಯಬೇಕಾದದ್ದು ಆ ದಾರಿಯನ್ನು ಕಡಿಯುವುದಕ್ಕೆ, ಮತ್ತು ಎಷ್ಟರಮಟ್ಟಿಗೆ ಕಡಿದರೆ ಸಾಕು ಎಂದು ಹೇಳುವ ಹಕ್ಕು ಅಲ್ಲಿ ಬದುಕುವವರಿಗೆ ಇರಬೇಕು. ಈ ಅಧ್ಯಾಯದ ವಾದ ಇಷ್ಟೇ. ಆದರೆ ಇದಕ್ಕೆ ಗಟ್ಟಿಯಾದ ಆಕ್ಷೇಪಗಳಿವೆ, ಅವನ್ನು ಎದುರಿಸದೆ ಮುಂದೆ ಹೋಗಲಾಗದು.

ಮೊದಲು ಅಂಕಿಗಳು. ವಿಕಿರಣ ದೇಹಕ್ಕೆ ಮಾಡುವ ಹಾನಿಯನ್ನು ಮಿಲಿಸೀವರ್ಟ್‌ಗಳಲ್ಲಿ ಅಳೆಯುತ್ತಾರೆ. ಬಂಡೆ, ಮಣ್ಣು, ಆಕಾಶ, ಆಹಾರಗಳಿಂದ ಭೂಮಿಯ ಮೇಲಿನ ಮನುಷ್ಯನೊಬ್ಬ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಪಡೆಯುತ್ತಾನೆ. ಇದರ ಮೇಲೆ ಮನುಷ್ಯರ ಚಟುವಟಿಕೆಯಿಂದ ಸಾರ್ವಜನಿಕರಿಗೆ ಸೇರಬಹುದಾದ ಮಿತಿ ವರ್ಷಕ್ಕೆ 1 ಮಿಲಿಸೀವರ್ಟ್. ಹಿರೋಶಿಮಾ, ನಾಗಾಸಾಕಿಯಲ್ಲಿ ಬದುಕುಳಿದವರನ್ನು ದಶಕಗಳ ಕಾಲ ಗಮನಿಸಿ ಪಡೆದ ಅಂದಾಜಿನಂತೆ, ಸಾವಿರ ಮಿಲಿಸೀವರ್ಟ್ ಸೇರಿದವರಲ್ಲಿ ಕ್ಯಾನ್ಸರಿನಿಂದ ಸಾಯುವ ಸಂಭವ ಸುಮಾರು ಶೇ 5ರಷ್ಟು ಹೆಚ್ಚುತ್ತದೆ. ಕಡಿಮೆ ಪ್ರಮಾಣದಲ್ಲೂ ಅಪಾಯ ಇದೇ ಅನುಪಾತದಲ್ಲಿ ಇಳಿಯುತ್ತ ಹೋಗುತ್ತದೆ ಎಂದು ಭಾವಿಸುವುದು ಸುರಕ್ಷತೆಯ ಲೆಕ್ಕದವರ ರೂಢಿ. ಈ ರೂಢಿಯನ್ನೇ ಹಿಡಿದು ಸಾವಿರ ಜನರ ಒಂದು ಹಳ್ಳಿಯನ್ನು ತೆಗೆದುಕೊಳ್ಳೋಣ. ಪ್ರತಿಯೊಬ್ಬರಿಗೂ ವರ್ಷಕ್ಕೆ ಹೆಚ್ಚುವರಿ 1 ಮಿಲಿಸೀವರ್ಟಿನಂತೆ 50 ವರ್ಷ ಸೇರಿದರೆ ಆ ಹಳ್ಳಿಯಲ್ಲಿ ಎರಡು ಅಥವಾ ಮೂರು ಹೆಚ್ಚುವರಿ ಸಾವು. ಭಾರತದಲ್ಲಿ ಸರಿಸುಮಾರು ಒಂಬತ್ತು ಜನರಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಕ್ಯಾನ್ಸರ್ ಬರುತ್ತದೆ, ಅಂದರೆ ಅದೇ ಹಳ್ಳಿಯಲ್ಲಿ ಹೇಗಿದ್ದರೂ ನೂರಕ್ಕೂ ಹೆಚ್ಚು ಜನರಿಗೆ. ಆ ನೂರರ ನಡುವೆ ಈ ಇಬ್ಬರು ಮೂವರು ಯಾರು ಎಂದು ಯಾವ ವೈದ್ಯರೂ ಬೆರಳಿಟ್ಟು ತೋರಿಸಲಾರರು. ಅಧಿಕಾರಿಗಳು 'ಪರಿಣಾಮ ಕಂಡುಬಂದಿಲ್ಲ' ಎನ್ನುವುದಕ್ಕೂ, ಮನೆಯವರನ್ನು ಕಳೆದುಕೊಂಡವರು ಅದನ್ನು ನಂಬದಿರುವುದಕ್ಕೂ ಮೂಲ ಇಲ್ಲಿದೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಈಗ ಬಿಕಿನಿಗೆ ಬರೋಣ. 1946ರಿಂದ 1958ರವರೆಗೆ ಅಮೆರಿಕ ಅಲ್ಲಿ 23 ಬಾಂಬುಗಳನ್ನು ಸಿಡಿಸಿತು. 1954ರ ಮಾರ್ಚ್ 1ರ 'ಬ್ರಾವೊ' ಸ್ಫೋಟವೊಂದೇ 15 ಮೆಗಾಟನ್ನಿನದು. ಮೊದಲೇ ಊರು ಬಿಡಿಸಲಾಗಿದ್ದ ಬಿಕಿನಿಯ ಜನರಿಗೆ 1968ರಲ್ಲಿ ಅಮೆರಿಕದ ಅಧ್ಯಕ್ಷರೇ ಮರಳಬಹುದು ಎಂದು ಘೋಷಿಸಿದರು. ಕೆಲವು ಕುಟುಂಬಗಳು ಹೋಗಿ ನೆಲೆಸಿದವು. ಹತ್ತು ವರ್ಷಕ್ಕೆ, 1978ರಲ್ಲಿ, ಅವರನ್ನು ಮತ್ತೆ ಎಬ್ಬಿಸಿ ಕಳಿಸಬೇಕಾಯಿತು. ಬಯಲಿನಲ್ಲಿ ಮೀಟರು ಹಿಡಿದು ಅಳೆದರೆ ಸಿಗುವ ವಿಕಿರಣ ಅಷ್ಟೇನೂ ಹೆದರಿಸುವಂತಿರಲಿಲ್ಲ. ಅಪಾಯ ತೆಂಗಿನ ಮರವನ್ನು ಹತ್ತಿ ಕೂತಿತ್ತು. ಬಾಂಬುಗಳು ಉಳಿಸಿಹೋದ ವಿಕಿರಣಶೀಲ ಸೀಸಿಯಂ-137 ರಾಸಾಯನಿಕವಾಗಿ ಪೊಟ್ಯಾಸಿಯಂನ ಜಾತಿಯದು. ಹವಳದ ದ್ವೀಪದ ಸುಣ್ಣದಂಥ ಮಣ್ಣಿನಲ್ಲಿ ಪೊಟ್ಯಾಸಿಯಂ ತೀರಾ ಕಡಿಮೆ. ಹಸಿದ ತೆಂಗಿನ ಬೇರು ಸಿಕ್ಕ ಸೀಸಿಯಂ ಅನ್ನೇ ಪೊಟ್ಯಾಸಿಯಂ ಎಂದು ಹೀರಿ, ಎಳನೀರಿಗೂ ಕಾಯಿಗೂ ತುಂಬಿತು. ದ್ವೀಪದವರು ದಿನವೂ ಕುಡಿಯುವುದು, ತಿನ್ನುವುದು ಅದನ್ನೇ. ಅವರು ತೆಂಗನ್ನು ಇಷ್ಟೊಂದು ತಿನ್ನುತ್ತಾರೆ ಎಂಬುದನ್ನು ಮೊದಲ ಲೆಕ್ಕ ಹಾಕಿದವರು ಸರಿಯಾಗಿ ಗಮನಿಸಿರಲಿಲ್ಲ.

ಪರಿಹಾರಕ್ಕೆ ಎರಡು ಹಾದಿಗಳಿದ್ದವು. ಒಂದು, ದ್ವೀಪದ ಮೇಲ್ಮಣ್ಣನ್ನೆಲ್ಲ ಕೆರೆದು ತೆಗೆಯುವುದು. ಹಾಗೆ ಮಾಡಿದರೆ ನೂರಾರು ವರ್ಷಗಳಲ್ಲಿ ಕೂಡಿದ್ದ ಅಷ್ಟಿಷ್ಟು ಗೊಬ್ಬರದ ಮಣ್ಣೂ ಹೋಗಿ ಬರಿಯ ಹವಳದ ಮರಳು ಉಳಿಯುತ್ತದೆ, ಕೆರೆದ ಮಣ್ಣನ್ನು ಎಲ್ಲಿ ಹಾಕುವುದು ಎಂಬ ಪ್ರಶ್ನೆಯೂ ಉಳಿಯುತ್ತದೆ. ಇನ್ನೊಂದು ಹಾದಿಯನ್ನು ಅಮೆರಿಕದ ಲಿವರ್‌ಮೋರ್ ಪ್ರಯೋಗಾಲಯದ ವಿಜ್ಞಾನಿಗಳು ಅದೇ ದ್ವೀಪದಲ್ಲಿ ಪರೀಕ್ಷಿಸಿ ತೋರಿಸಿದರು. ಮರದ ಬುಡಕ್ಕೆ ಪೊಟ್ಯಾಸಿಯಂ ಕ್ಲೋರೈಡ್ ಹಾಕಿದರೆ ಬೇರಿನ ಹಸಿವು ಹಿಂಗಿ, ಕಾಯಿಯಲ್ಲಿ ಸೀಸಿಯಂ ಹಿಂದಿನದರ ಹತ್ತನೇ ಒಂದು ಪಾಲಿಗೂ ಇಳಿಯುತ್ತದೆ. ಭದ್ರಾವತಿ, ಶಿವಮೊಗ್ಗದ ಅಡಿಕೆ ತೋಟದವರು ಗೊಬ್ಬರದಂಗಡಿಯಿಂದ ತಂದು ಮರದ ಬುಡಕ್ಕೆ ಚೆಲ್ಲುವ ಪೊಟ್ಯಾಷ್ ಕೂಡ ಇದೇ ವಸ್ತು. ಬಾಂಬಿನ ವಿಷಕ್ಕೆ ಗೊಬ್ಬರದ ಮದ್ದು ಎಂದರೆ ನಂಬುವುದು ಕಷ್ಟ. ಆದರೂ 1990ರ ದಶಕದಲ್ಲಿ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ತಜ್ಞರು ತೋಟಕ್ಕೆ ಪೊಟ್ಯಾಷ್, ಮನೆಗಳ ಸುತ್ತ ಮಾತ್ರ ಮಣ್ಣು ತೆಗೆಯುವುದು ಎಂಬ ಜೋಡಿ ಮಾರ್ಗವನ್ನೇ ಸೂಚಿಸಿದರು. ನೆಲವನ್ನು ತೊಳೆಯುವ ಬದಲು ನೆಲದಿಂದ ಬಾಯಿಗೆ ಬರುವ ದಾರಿಯನ್ನು ಕಡಿಯುವುದು ಎಂದರೆ ಇದು.

ಮರಲಿಂಗದ ದಾರಿ ಬೇರೆಯದು. ಬ್ರಿಟನ್ 1956 ಮತ್ತು 57ರಲ್ಲಿ ಅಲ್ಲಿ ಏಳು ಬಾಂಬುಗಳನ್ನು ಸಿಡಿಸಿತು. ಆದರೆ ನೆಲವನ್ನು ಹೆಚ್ಚು ಕೆಡಿಸಿದ್ದು ಅವಲ್ಲ. ಬಾಂಬಿನ ಭಾಗಗಳನ್ನು ಸಾಧಾರಣ ಸ್ಫೋಟಕದಿಂದ ಸಿಡಿಸಿ ನೋಡಿದ 'ಚಿಕ್ಕ' ಪ್ರಯೋಗಗಳಲ್ಲಿ ಸುಮಾರು 22 ಕಿಲೊ ಪ್ಲುಟೋನಿಯಂ ಧೂಳಾಗಿ, ಚೂರಾಗಿ ಬಯಲಿನ ಮೇಲೆ ಚದುರಿತು. ಪ್ಲುಟೋನಿಯಂ-239ರ ಅರ್ಧಾಯುಷ್ಯ 24 ಸಾವಿರ ವರ್ಷ. ಅದು ಸೂಸುವ ಆಲ್ಫಾ ಕಣ ಚರ್ಮವನ್ನೂ ದಾಟಲಾರದು, ಆದರೆ ಧೂಳಿನ ಜೊತೆ ಶ್ವಾಸಕೋಶಕ್ಕೆ ಹೊಕ್ಕರೆ ಅಲ್ಲೇ ಕೂತು ವರ್ಷಾನುಗಟ್ಟಲೆ ಜೀವಕೋಶಗಳನ್ನು ಸುಡುತ್ತದೆ. ಬೂಟು ಹಾಕಿ ಜೀಪಿನಲ್ಲಿ ಬಂದು ಹೋಗುವ ಅಧಿಕಾರಿಗೆ ಆ ನೆಲದಿಂದ ಹೆಚ್ಚು ತೊಂದರೆಯಿಲ್ಲ. ಆದರೆ ಆ ನೆಲ ಆನಂಗು ಆದಿವಾಸಿಗಳದು. ಅವರು ಬಯಲಲ್ಲಿ ಬೆಂಕಿ ಹಾಕಿ, ಅದರ ಪಕ್ಕ ನೆಲದ ಮೇಲೇ ಮಲಗುತ್ತಾರೆ. ಮಕ್ಕಳು ಮಣ್ಣಿನಲ್ಲೇ ಹೊರಳಾಡುತ್ತಾರೆ, ಬೇಟೆಯ ಮಾಂಸ ಬೂದಿ ಮಣ್ಣಿನಲ್ಲೇ ಬೇಯುತ್ತದೆ. 1980ರ ದಶಕದ ಕೊನೆಯಲ್ಲಿ ಅಧ್ಯಯನ ತಂಡ ಅವರ ಈ ದಿನಚರಿಯನ್ನೇ ಹತ್ತಿರದಿಂದ ದಾಖಲಿಸಿ, ಅವರು ಎಷ್ಟು ಧೂಳು ಉಸಿರಾಡುತ್ತಾರೆ, ಎಷ್ಟು ಮಣ್ಣು ನುಂಗುತ್ತಾರೆ ಎಂದು ಲೆಕ್ಕ ಹಾಕಿತು. ಅದೇ ನೆಲ, ಅದೇ ಪ್ಲುಟೋನಿಯಂ. ಬದುಕುವ ರೀತಿ ಬದಲಾದಾಗ ಅಪಾಯ ಎಷ್ಟೋ ಪಟ್ಟು ಏರಿತು. ವರ್ಷಕ್ಕೆ 5 ಮಿಲಿಸೀವರ್ಟ್ ಮೀರಬಾರದು ಎಂಬ ಗುರಿ ಹಾಕಿಕೊಂಡು, 1995ರಿಂದ 2000ದವರೆಗೆ ಸುಮಾರು 10.8 ಕೋಟಿ ಆಸ್ಟ್ರೇಲಿಯನ್ ಡಾಲರ್ ಖರ್ಚಿನಲ್ಲಿ ಅತಿ ಕೆಟ್ಟ ಜಾಗಗಳ ಮೇಲ್ಮಣ್ಣನ್ನು ತೆಗೆದು ಆಳದ ಹಳ್ಳಗಳಲ್ಲಿ ಹೂತರು. ಸುತ್ತಲಿನ ಸುಮಾರು 400 ಚದರ ಕಿಲೋಮೀಟರಿನಲ್ಲಿ ಬೇಟೆಯಾಡಬಹುದು, ದಾಟಿ ಹೋಗಬಹುದು, ಬೀಡು ಬಿಡಬಾರದು ಎಂಬ ಫಲಕಗಳನ್ನು ನೆಟ್ಟರು.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ. ಕೆಡಿಸಿದವರು ಪೂರ್ತಿ ಶುಚಿ ಮಾಡಬೇಕಲ್ಲವೇ? ಜೀವಕ್ಕೆ ಬೆಲೆ ಕಟ್ಟುವ ಈ ಚೌಕಾಸಿ ಏಕೆ? ನೈತಿಕವಾಗಿ ಈ ಮಾತಿಗೆ ಎದುರಾಡುವುದು ಕಷ್ಟ. ಆದರೆ ಶುಚಿಗೊಳಿಸುವ ಕೆಲಸವೂ ಜೀವ ತೆಗೆಯುತ್ತದೆ ಎಂಬುದನ್ನು ಮರೆಯಬಾರದು. ಎನಿವೆಟಾಕ್‌ನಲ್ಲಿ 1977ರಿಂದ 80ರವರೆಗೆ ಸುಮಾರು ನಾಲ್ಕು ಸಾವಿರ ಅಮೆರಿಕನ್ ಸೈನಿಕರು ದುಡಿದು, ಕೆಟ್ಟ ಮಣ್ಣನ್ನು ರುನಿಟ್ ದ್ವೀಪದ ಬಾಂಬು ಕುಳಿಗೆ ತುಂಬಿ ಮೇಲೆ ಕಾಂಕ್ರೀಟಿನ ಗುಮ್ಮಟ ಕಟ್ಟಿದರು. ಆ ಕಾರ್ಯಾಚರಣೆಯ ಅಪಘಾತಗಳಲ್ಲಿ ಆರು ಮಂದಿ ಸತ್ತರು. ಕುಳಿಯ ತಳಕ್ಕೆ ಯಾವ ತಡೆಯೂ ಇಲ್ಲದ್ದರಿಂದ ಸಮುದ್ರದ ನೀರು ಇಂದಿಗೂ ಒಳಗೆ ಬಂದು ಹೋಗುತ್ತದೆ. 2011ರಲ್ಲಿ ಫುಕುಶಿಮಾ ಸ್ಥಾವರ ಸಿಡಿದಾಗ ವಿಕಿರಣದ ಹೊಡೆತಕ್ಕೆ ಆ ಕ್ಷಣದಲ್ಲಿ ಯಾರೂ ಸಾಯಲಿಲ್ಲ. ಆಸ್ಪತ್ರೆಗಳಿಂದ, ವೃದ್ಧಾಶ್ರಮಗಳಿಂದ ತರಾತುರಿಯಲ್ಲಿ ಎಬ್ಬಿಸಿ ಸಾಗಿಸಿದ್ದು, ಆಮೇಲಿನ ವರ್ಷಗಳ ಅಲೆದಾಟ ಮೊದಲಾದ ಕಾರಣಗಳಿಂದ ಆ ಪ್ರಾಂತ್ಯದಲ್ಲಿ 2,300ಕ್ಕೂ ಹೆಚ್ಚು ಸಾವು ಸಂಭವಿಸಿತೆಂದು ಜಪಾನ್ ಸರ್ಕಾರವೇ ಗುರುತಿಸಿದೆ. ಅವರಲ್ಲಿ ಬಹುಪಾಲು ಮುದುಕರು. ಸೊನ್ನೆ ಅಪಾಯದ ಬೆನ್ನು ಹತ್ತಿದರೆ ಒಂದು ಕಡೆಯ ಸಾವನ್ನು ಇನ್ನೊಂದು ಕಡೆಗೆ ಸಾಗಿಸಿದಂತಾಗಬಹುದು. ಲೆಕ್ಕ ಹಾಕುವುದು ಜೀವಕ್ಕೆ ಬೆಲೆ ಕಟ್ಟಲು ಅಲ್ಲ, ಎರಡೂ ಕಡೆಯ ಜೀವಗಳನ್ನು ಎಣಿಸಲು.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿ, ನನ್ನ ಮಟ್ಟಿಗೆ ಅತಿ ಮುಖ್ಯವಾದದ್ದೂ ಹೌದು. ಈ ಲೆಕ್ಕಗಳನ್ನೆಲ್ಲ ಹಾಕಿದವರು ನೆಲ ಕೆಡಿಸಿದವರೇ. ಅವರ ಅಂಕಿಯನ್ನು ನಂಬುವುದು ಹೇಗೆ? ಚರಿತ್ರೆ ಈ ಸಂಶಯದ ಪರವಾಗಿಯೇ ಸಾಕ್ಷಿ ಹೇಳುತ್ತದೆ. ಬಿಕಿನಿಯವರಿಗೆ 1968ರಲ್ಲಿ ಕೊಟ್ಟ ಭರವಸೆ ಹುಸಿಯಾಯಿತು. ಬ್ರಾವೊ ಸ್ಫೋಟದ ಬೂದಿ ಮೈಮೇಲೆ ಬಿದ್ದಿದ್ದ ರಾಂಗೆಲಾಪ್ ದ್ವೀಪದವರನ್ನು 1957ರಲ್ಲಿ ಸುರಕ್ಷಿತವೆಂದು ಹೇಳಿ ಊರಿಗೆ ಕಳಿಸಲಾಯಿತು. ನಂಬಿಕೆ ಕಳೆದುಕೊಂಡ ಅವರು 1985ರಲ್ಲಿ ಗ್ರೀನ್‌ಪೀಸ್‌ನವರ ಹಡಗು ಹತ್ತಿ ತಾವಾಗಿಯೇ ಊರು ಬಿಟ್ಟರು. ಮರಲಿಂಗದಲ್ಲಿ 1967ರಲ್ಲೇ ಬ್ರಿಟನ್ ಒಂದು ಸಲ 'ಶುಚಿ' ಮಾಡಿ ಕೈತೊಳೆದುಕೊಂಡಿತ್ತು. ಆಗ ಮಾಡಿದ್ದು, ಕೆಟ್ಟ ಮೇಲ್ಮಣ್ಣನ್ನು ಉತ್ತು ಕೆಳಗಿನದರ ಜೊತೆ ಬೆರೆಸಿದ್ದು. ಇದರಿಂದ ಮುಂದಿನವರ ಕೆಲಸ ಇಮ್ಮಡಿ ಕಷ್ಟವಾಯಿತು. 1984ರಲ್ಲಿ ಆಸ್ಟ್ರೇಲಿಯದ ವಿಜ್ಞಾನಿಗಳು ತಾವೇ ಹೋಗಿ ಅಳೆದ ಮೇಲಷ್ಟೇ ನಿಜಸ್ಥಿತಿ ಬಯಲಾದದ್ದು. ಆದರೆ ಗಮನಿಸಬೇಕು: ಸುಳ್ಳು ಅಂಕಿಯನ್ನು ಬೀಳಿಸಿದ್ದು ಸರಿಯಾದ ಅಂಕಿಯೇ. ಹಾಗಾಗಿ ಅಳತೆಯನ್ನು ಬಿಟ್ಟುಕೊಡುವುದು ಪರಿಹಾರವಲ್ಲ, ಅಳತೆಯ ಮೀಟರು ಒಬ್ಬರ ಕೈಯಲ್ಲೇ ಉಳಿಯದಂತೆ ನೋಡಿಕೊಳ್ಳುವುದು ಪರಿಹಾರ. ಎಷ್ಟು ಶುಚಿಯಾದರೆ ಸಾಕು ಎಂಬುದನ್ನಂತೂ ಮೀಟರು ಹೇಳುವುದೇ ಇಲ್ಲ. ಮಾರ್ಷಲ್ ದ್ವೀಪಗಳ ಪರಿಹಾರ ನ್ಯಾಯಮಂಡಳಿ, ಅಮೆರಿಕದವರು ತಮ್ಮ ನೆಲಕ್ಕೆ ಬಳಸುವ 0.15 ಮಿಲಿಸೀವರ್ಟಿನ ಬಿಗಿ ಮಿತಿಯನ್ನೇ ಬಿಕಿನಿಗೂ ಅನ್ವಯಿಸಿ, 2001ರಲ್ಲಿ 56.3 ಕೋಟಿ ಡಾಲರಿನ ತೀರ್ಪು ಕೊಟ್ಟಿತು. ಹಿಂದಿನ ಲೆಕ್ಕದ ಹಳ್ಳಿಯಲ್ಲಿ ಈ ಮಿತಿಯೆಂದರೆ ಐವತ್ತು ವರ್ಷಕ್ಕೆ ಒಂದು ಸಾವಿಗಿಂತಲೂ ಕಡಿಮೆ. ಅಷ್ಟು ಬಿಗಿಯಾಗಬೇಕಿತ್ತೇ ಎಂದು ಕೇಳಬಹುದು. ಆದರೆ ತಮ್ಮ ಮಕ್ಕಳಿಗೆ ಒಂದು ಮಿತಿ, ದ್ವೀಪದವರ ಮಕ್ಕಳಿಗೆ ಇನ್ನೊಂದು ಮಿತಿ ಎನ್ನುವುದಕ್ಕೆ ಯಾವ ವಿಜ್ಞಾನದ ಆಧಾರವೂ ಇಲ್ಲ. ಆ ತೀರ್ಪಿನ ಹಣದಲ್ಲಿ ಅತ್ಯಲ್ಪ ಭಾಗ ಬಿಟ್ಟರೆ ಉಳಿದದ್ದು ಅವರ ಕೈಸೇರಲೇ ಇಲ್ಲ.

ಎದುರು ದಿಕ್ಕಿನಿಂದ ಬರುವ ಆಕ್ಷೇಪವೂ ಇದೆ. ಕೇರಳದ ಕರುನಾಗಪಳ್ಳಿಯ ಕಡಲತೀರದ ಮರಳಿನಲ್ಲಿ ಥೋರಿಯಂ ಇರುವ ಮೊನಜೈಟ್ ತುಂಬಿದ್ದು, ಅಲ್ಲಿನ ಸಹಜ ವಿಕಿರಣ ಜಗತ್ತಿನ ಸರಾಸರಿಗಿಂತ ಬಹಳ ಹೆಚ್ಚು. ನಮ್ಮ ಉಳ್ಳಾಲದ ತೀರದಲ್ಲೂ ಮೊನಜೈಟ್ ಇದೆ, ಮಂಗಳೂರು ವಿಶ್ವವಿದ್ಯಾಲಯದವರು ಅದನ್ನು ಅಳೆದು ದಾಖಲಿಸಿದ್ದಾರೆ. ಕರುನಾಗಪಳ್ಳಿಯ ಸುಮಾರು 70 ಸಾವಿರ ಜನರನ್ನು ಸರಾಸರಿ ಹತ್ತು ವರ್ಷ ಹಿಂಬಾಲಿಸಿ 2009ರಲ್ಲಿ ಪ್ರಕಟವಾದ ಅಧ್ಯಯನ, ವಿಕಿರಣ ಹೆಚ್ಚಿದ್ದಲ್ಲಿ ಕ್ಯಾನ್ಸರ್ ಹೆಚ್ಚಿದ್ದುದನ್ನು ಕಾಣಲಿಲ್ಲ. ಹಾಗಾದರೆ ಇಷ್ಟೆಲ್ಲ ಖರ್ಚು ಹುಚ್ಚಲ್ಲವೇ ಎಂದು ಕೆಲವರು ಕೇಳುತ್ತಾರೆ. ಈ ಅಧ್ಯಯನಕ್ಕೆ ಬೆಲೆಯಿದೆ. ವಿಕಿರಣ ಎಂಬ ಪದ ಕೇಳಿದ ಕೂಡಲೇ ನಡುಗಬೇಕಿಲ್ಲ ಎಂಬುದಕ್ಕೆ ಅದು ಒಳ್ಳೆಯ ಆಧಾರ. ಆದರೆ ಅಲ್ಲಿ ಎಣಿಸಿದ್ದು ಮುಖ್ಯವಾಗಿ ಹೊರಗಿನಿಂದ ಮೈ ತಾಕುವ ಗಾಮಾ ಕಿರಣವನ್ನು. ಉಸಿರಿನಲ್ಲಿ ಒಳಹೊಕ್ಕು ಕೂರುವ ಪ್ಲುಟೋನಿಯಂ, ಎಳನೀರಿನಲ್ಲಿ ಸೇರುವ ಸೀಸಿಯಂ ಬೇರೆ ದಾರಿಯವು. ಒಂದು ದಾರಿಯ ಸಾಕ್ಷ್ಯವನ್ನು ಇನ್ನೊಂದು ದಾರಿಗೆ ಹೊಂದಿಸುವಂತಿಲ್ಲ.

ದಾರಿಗಳು ಕಾಲದೊಂದಿಗೆ ಬದಲಾಗುತ್ತವೆ ಎಂಬುದಕ್ಕೆ ಸೆಮಿಪಲಾಟಿನ್ಸ್ಕ್ ನೋಡಬೇಕು. 1949ರಿಂದ 1989ರವರೆಗೆ ಸೋವಿಯತ್ ಒಕ್ಕೂಟ ಅಲ್ಲಿ 456 ಪರೀಕ್ಷೆಗಳನ್ನು ನಡೆಸಿತು, 1991ರ ಆಗಸ್ಟ್ 29ರಂದು ಆ ನೆಲೆಯನ್ನು ಮುಚ್ಚಲಾಯಿತು. ಡೆಗೆಲೆನ್ ಬೆಟ್ಟದ ಸುರಂಗಗಳೊಳಗೆ ಪ್ಲುಟೋನಿಯಂ ಉಳಿದಿತ್ತು. ಬೆಟ್ಟದ ಹೊಟ್ಟೆಯಲ್ಲಿರುವುದು ಯಾರ ತಂಟೆಗೆ ಬರುತ್ತದೆ ಎಂದುಕೊಳ್ಳಬಹುದಿತ್ತು. ಆದರೆ ಒಕ್ಕೂಟ ಮುರಿದು ಕೆಲಸ ಕಳೆದುಕೊಂಡ ಜನ ಸುರಂಗಗಳಿಗೆ ನುಗ್ಗಿ ತಾಮ್ರದ ಕೇಬಲು, ಕಬ್ಬಿಣದ ಹಳಿಗಳನ್ನು ಕಿತ್ತು ಗುಜರಿಗೆ ಹಾಕತೊಡಗಿದರು. ಬಡತನ ಹೊಸ ದಾರಿಯೊಂದನ್ನು ತೆರೆಯಿತು. ಕಝಾಕ್‌ಸ್ತಾನ, ರಷ್ಯ, ಅಮೆರಿಕ ಸೇರಿ ಆ ಸುರಂಗಗಳಿಗೆ ಕಾಂಕ್ರೀಟ್ ತುಂಬಿ ಮುಗಿಸಿದ್ದು 2012ರಲ್ಲಿ, 15 ಕೋಟಿ ಡಾಲರ್ ಖರ್ಚಾದ ಮೇಲೆ. ದೆಹಲಿಯ ಮಾಯಾಪುರಿಯಲ್ಲಿ 2010ರಲ್ಲಿ ನಡೆದದ್ದೂ ಇಂಥದ್ದೇ. ವಿಶ್ವವಿದ್ಯಾಲಯವೊಂದರ ಹಳೆಯ ಕೋಬಾಲ್ಟ್ ಯಂತ್ರ ಹರಾಜಿನಲ್ಲಿ ಗುಜರಿಗೆ ಹೋಗಿ, ಅದನ್ನು ಬಿಚ್ಚಿದವರಲ್ಲಿ ಒಬ್ಬರ ಪ್ರಾಣ ತೆಗೆಯಿತು.

ಈ ಅಳತೆಗೋಲು ಹಿಡಿದು ಕೆಜಿಎಫ್ ನೋಡಿದರೆ ಲೆಕ್ಕ ಬೇರೆಯೇ ಕಾಣುತ್ತದೆ. ಗುಡ್ಡಗಳಿಗೆ ಸೈನೈಡಿನ ಹೆಸರಿದ್ದರೂ, ಬಿಡಿ ಸೈನೈಡ್ ಬಿಸಿಲು ಗಾಳಿಗೆ ಬೇಗ ಒಡೆಯುವ ವಸ್ತು. ಕಬ್ಬಿಣದ ಜೊತೆ ಕೂಡಿಕೊಂಡದ್ದು ಮಾತ್ರ ಹೆಚ್ಚು ಕಾಲ ಉಳಿಯುತ್ತದೆ. ಒಡೆಯದೆ ಉಳಿಯುವುದು ಹಿಟ್ಟಿನಂತೆ ಅರೆದ ಕಲ್ಲು, ಅದರೊಳಗಿನ ಸಿಲಿಕಾ. ಸಿಲಿಕಾ ಧೂಳು ಏನು ಮಾಡುತ್ತದೆ ಎಂಬುದನ್ನು ಈ ಗಣಿಯೇ ಭಾರತಕ್ಕೆ ಕಲಿಸಿತು. 1940ರ ದಶಕದಲ್ಲಿ ಇಲ್ಲಿನ ಸಾವಿರಾರು ಕಾರ್ಮಿಕರನ್ನು ತಪಾಸಣೆ ಮಾಡಿದಾಗ ಶೇ 40ಕ್ಕೂ ಹೆಚ್ಚು ಮಂದಿಯಲ್ಲಿ ಸಿಲಿಕೋಸಿಸ್ ಕಂಡಿತು. ಸುರಂಗದೊಳಗೆ ಕಲ್ಲು ಕೊರೆಯುವವನ ಉಸಿರೂ ಪಟ್ಟಣದ ಮನೆಯೊಳಗಿನ ಉಸಿರೂ ಒಂದೇ ಅಲ್ಲ, ನಿಜ. ಆದರೆ ದಾರಿ ಅದೇ, ಗಾಳಿ. ಅದನ್ನು ಕಡಿಯಲು ಬೇಕಾದದ್ದು ಗುಡ್ಡದ ಮೇಲೆ ಮಣ್ಣು ಹೊದಿಸಿ ಹುಲ್ಲು, ಗಿಡ ಹಿಡಿಯುವಂತೆ ಮಾಡುವುದು, ಮಳೆ ನೀರು ಪುಡಿಯನ್ನು ಕೆರೆಗೆ ಕೊಚ್ಚದಂತೆ ತಡೆ ಕಟ್ಟುವುದು, ಹಳೆಯ ಕಾರ್ಮಿಕರ ಶ್ವಾಸಕೋಶಗಳ ತಪಾಸಣೆಯನ್ನು ನಿಲ್ಲಿಸದಿರುವುದು. ಅಣುತ್ಯಾಜ್ಯದ ಭಂಡಾರವೊಂದಕ್ಕೆ ಮಾಡುವ ಖರ್ಚಿನ ಮುಂದೆ ಇದು ಏನೂ ಅಲ್ಲ. ಈಗ ಇನ್ನೊಂದು ತಿರುವು ಬಂದಿದೆ. ಟನ್ನಿಗೆ ಒಂದು ಗ್ರಾಮಿಗೂ ಕಡಿಮೆ ಚಿನ್ನ ಉಳಿದಿರುವ ಈ ಪುಡಿಯನ್ನು ಮತ್ತೆ ಸೋಸಲು, 13 ಗುಡ್ಡಗಳಿರುವ ಸುಮಾರು 1,003 ಎಕರೆಯಲ್ಲಿ ಗಣಿಗಾರಿಕೆಗೆ 2024ರ ಜೂನಿನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಹದವಾಗಿ ಮಾಡಿದರೆ ಚಿನ್ನದ ಹಣದಲ್ಲೇ ಊರು ಶುಚಿಯಾಗಬಹುದು. ಅಜಾಗರೂಕತೆಯಿಂದ ಮಾಡಿದರೆ ಇಷ್ಟು ವರ್ಷ ಒಂದಿಷ್ಟು ಗಟ್ಟಿಯಾಗಿ ಕೂತಿದ್ದ ಧೂಳನ್ನೆಲ್ಲ ಮತ್ತೆ ಎಬ್ಬಿಸಿದಂತೆ. ಯಂತ್ರ ಇಳಿಯುವ ಮುನ್ನವೇ ಊರಿನ ಗಾಳಿಯ ಧೂಳನ್ನು ಅಳೆದಿಡದಿದ್ದರೆ, ಆಮೇಲೆ ಅದು ಏರಿತೋ ಇಳಿಯಿತೋ ಎಂದು ಯಾರೂ ಸಾಬೀತು ಮಾಡಲಾರರು.

ಈ ಮಾತು ಕೋಲಾರಕ್ಕಷ್ಟೇ ಸಂಬಂಧಿಸಿದ್ದಲ್ಲ. ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ಹೆದ್ದಾರಿಯಲ್ಲಿ, ಮಲವಗೊಪ್ಪದ ಸಕ್ಕರೆ ಕಾರ್ಖಾನೆ ನಿಂತು ಬಹಳ ಕಾಲವಾಯಿತು. ಅದರ ಭೂಮಿಯ ವ್ಯಾಜ್ಯ ಮಾತ್ರ ನಿಂತಿಲ್ಲ. ಭದ್ರಾವತಿಯಲ್ಲಿ 1936ರಲ್ಲಿ ಹುಟ್ಟಿದ ಮೈಸೂರು ಕಾಗದ ಕಾರ್ಖಾನೆಯಲ್ಲಿ 2015ರಿಂದ ಉತ್ಪಾದನೆಯಿಲ್ಲ. 1923ರಲ್ಲಿ ಉತ್ಪಾದನೆ ಆರಂಭಿಸಿದ ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರಲ್ಲಿ ಬಂದು ಕಾರ್ಮಿಕರು ಬೀದಿಗಿಳಿಯಬೇಕಾಯಿತು. ಇವು ಬಾಂಬು ಸಿಡಿದ ನೆಲಗಳಲ್ಲ, ಹೋಲಿಸಿ ಭಯ ಹುಟ್ಟಿಸುವುದು ತಪ್ಪು. ಆದರೆ ನೂರಾರು ಎಕರೆ ಕಾರ್ಖಾನೆ ನೆಲದ ಚರ್ಚೆ ನಡೆಯುವಾಗಲೆಲ್ಲ ಕೇಳಿಬರುವುದು ಜಾಗದ ಬೆಲೆ, ಉದ್ಯೋಗ, ಹಕ್ಕುಪತ್ರಗಳ ಮಾತು. ಮಣ್ಣು, ಬಾವಿ ನೀರು, ಹಳೆಯ ಬೂದಿಗುಂಡಿಗಳನ್ನು ಅಳೆಯುವ ಮಾತು ಆ ಪಟ್ಟಿಗೆ ಸೇರಬೇಕು. ಇಂಥ ನೆಲದ ಮೇಲೆ ಬಡಾವಣೆಯೋ ಶಾಲೆಯೋ ತೋಟವೋ ಬರುವ ಮೊದಲು ಮೂರು ಪ್ರಶ್ನೆಗಳಿಗೆ ಬರವಣಿಗೆಯಲ್ಲಿ ಉತ್ತರ ಕೇಳಿ: ಯಾರು ಅಳೆದರು, ಇಲ್ಲಿ ಹೇಗೆ ಬದುಕುವವರನ್ನು ಮನಸ್ಸಿನಲ್ಲಿಟ್ಟು ಅಳೆದರು, ಆ ವರದಿ ಗ್ರಾಮಸಭೆಯ ಅಥವಾ ವಾರ್ಡಿನ ಜನರ ಮುಂದೆ ಕನ್ನಡದಲ್ಲಿ ಬಂತೇ. ಅಳತೆಯ ಖರ್ಚು ಭೂಮಿಯ ಬೆಲೆಯ ಮುಂದೆ ಅತ್ಯಲ್ಪ. ಅದನ್ನು ಕಾರ್ಖಾನೆ ನಡೆಸಿದವರಿಂದಲೋ ಭೂಮಿ ಪಡೆಯುವವರಿಂದಲೋ ವಸೂಲು ಮಾಡುವುದು ಸರ್ಕಾರದ ಕೆಲಸ. ಮಾಡಿಸಿಕೊಳ್ಳುವುದು ಅಲ್ಲಿ ಮನೆ ಕಟ್ಟಿ ಬದುಕುವವರ ಹಕ್ಕು.